ಹತ್ತನೇ ದೀಪ

"ಉರೀತಿದೆ! ಅಜ್ಜ, ಉರೀತಿದೆ!"

ಮೊಮ್ಮಗಳು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟಳು. ಆ ಸಂಭ್ರಮ ಅರ್ಧ ನಿಮಿಷವೂ ಉಳಿಯಲಿಲ್ಲ. ಊಟದ ಮೇಜಿನ ಉದ್ದಕ್ಕೂ ಮಲಗಿಸಿದ್ದ ರಟ್ಟಿನ ಪಟ್ಟಿಯಲ್ಲಿ ಹತ್ತು ಪುಟ್ಟ ಕೆಂಪು ಎಲ್‌ಇಡಿಗಳು. ಒಂದು ಆರಿದರೆ ಪಕ್ಕದ್ದು ಉರಿಯಬೇಕು, ಬೆಳಕು ಓಡಬೇಕು. ಇದು ಅವಳ ಲೆಕ್ಕ. ಅವೋ, ಮೊದಲು ಮೂರನೆಯದು, ಆಮೇಲೆ ಎರಡನೆಯದು, ನಾಲ್ಕನೆಯದು, ಅಲ್ಲಿಂದ ಒಂದೇ ನೆಗೆತಕ್ಕೆ ಏಳನೆಯದು ಎಂದು ತಮ್ಮಿಷ್ಟದಂತೆ ಕುಪ್ಪಳಿಸುತ್ತಿದ್ದವು.

ಎದುರಿಗೆ ಕೂತಿದ್ದ ಅಜ್ಜ ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು. ಬಲಗೈ ಚಾಚಿ, ದೀಪಗಳನ್ನು ಸರದಿಯಂತೆ ಉರಿಸುವ ಪುಟ್ಟ ಕಪ್ಪು ಚಿಪ್ಪನ್ನು, ಐಸಿಯನ್ನು, ಮುಟ್ಟಿ ನೋಡಿ ನಕ್ಕ. "ಇದರ ಕಾಲುಗಳನ್ನ ಒಂದು, ಎರಡು, ಮೂರು ಅಂತ ಸಾಲಾಗಿ ಜೋಡಿಸ್ಬಿಟ್ಯಾ?"

"ಹೂಂ. ಇನ್ನು ಹೇಗೆ ಜೋಡಿಸೋದು?"

"ಇದೂ ನಿನ್ನ ಹಾಗೇ ತಲೆಹರಟೆ ಕಣೇ, ಕಾಲು ನಿಂತ ಸಾಲಲ್ಲಿ ಎಣಿಸೋದಿಲ್ಲ. ಬರ್ಕೋ. ಮೊದಲು ಮೂರನೇ ಕಾಲು, ಆಮೇಲೆ ಎರಡು, ನಾಲ್ಕು, ಏಳು, ಹತ್ತು. ಆಮೇಲೆ ಒಂದು, ಐದು, ಆರು, ಒಂಬತ್ತು, ಹನ್ನೊಂದು." ಮಗ್ಗಿ ಒಪ್ಪಿಸಿದಂತೆ ಹೇಳಿ ಮುಗಿಸಿ ಹುಬ್ಬು ಗಂಟಿಕ್ಕಿದ. "ಅದಿರಲಿ, ನೀನು ಹತ್ತು ದೀಪ ಅಂದಿದ್ದೆ. ಇಲ್ಲಿರೋದು ಐದೇ ಅಲ್ವಾ?"

ಮೊಮ್ಮಗಳ ಪೆನ್ನು ನಿಂತುಹೋಯಿತು. ಎರಡು ತಿಂಗಳ ಹಿಂದೆ ಅಜ್ಜನಿಗೆ ಪಾರ್ಶ್ವವಾಯು ಬಡಿದಿತ್ತು. ಮಾತು ಮರಳಿತು, ನೆನಪು ಮರಳಿತು, ಬೈಗುಳವಂತೂ ಎಲ್ಲಕ್ಕಿಂತ ಮೊದಲೇ ಮರಳಿತು. ಎಡಗಡೆಯ ಪ್ರಪಂಚ ಮಾತ್ರ ಬರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಎಡಕ್ಕೂ ಒಂದು ಬದಿ ಇದೆ ಎನ್ನುವುದನ್ನೇ ಮಿದುಳು ಮರೆತಿತ್ತು. ತಟ್ಟೆಯ ಬಲ ಅರ್ಧವನ್ನು ಖಾಲಿ ಮಾಡಿ "ಇಷ್ಟೇನಾ ಬಡಿಸಿದ್ದು?" ಎಂದು ರೇಗುತ್ತಿದ್ದ. ಗಡ್ಡ ಹೆರೆದುಕೊಂಡರೆ ಬಲಗೆನ್ನೆ ನುಣ್ಣಗೆ, ಎಡಗೆನ್ನೆ ಪೊದೆ. "ಎಡಗಡೆಯಲ್ಲೇ ಕೂತು ಮಾತಾಡಿಸ್ತಾ ಇರಿ, ಒಂದಲ್ಲ ಒಂದು ದಿನ ತಿರುಗ್ತಾರೆ" ಎಂದಿದ್ದರು ಡಾಕ್ಟರು. ಅಜ್ಜಿ ಅಂದಿನಿಂದ ಉಣ್ಣೆ, ಕಡ್ಡಿ ಹಿಡಿದು ಅವನ ಎಡಗಡೆಯ ಕುರ್ಚಿಯಲ್ಲೇ ಬೀಡುಬಿಟ್ಟಿದ್ದಳು. ಸ್ವೆಟರು ಮುಗಿಯುತ್ತ ಬಂದಿತ್ತು, ಅಜ್ಜ ತಿರುಗಿರಲಿಲ್ಲ.

"ಹತ್ತೂ ಇವೆ ರೀ. ಈ ಕಡೆ ನೋಡಿ," ಎಂದಳು ಅಜ್ಜಿ.

ಅಜ್ಜ ಬಲಕ್ಕೆ, ಅಡುಗೆಮನೆಯ ಬಾಗಿಲಿಗೆ ತಿರುಗಿದ. "ಒಳಗಿಂದ ಕೂಗ್ಬೇಡ ಮಾರಾಯ್ತಿ. ಏನಿದ್ರೂ ಇಲ್ಲಿ ಬಂದು ಹೇಳು."

ಅಜ್ಜಿ ಮತ್ತೆ ಕಡ್ಡಿ ಆಡಿಸತೊಡಗಿದಳು. ಮೊಮ್ಮಗಳಿಗೆ ಹಟ ಬಂತು. ತಂತಿಗಳನ್ನೆಲ್ಲ ಕಿತ್ತು, ಅಜ್ಜ ಹೇಳಿದ ಲೆಕ್ಕದಂತೆ, ತನ್ನ ಎಡಗಡೆಯಿಂದ ಶುರುಮಾಡಿ ಒಂದೊಂದಾಗಿ ಸಿಕ್ಕಿಸಿದಳು. ಕೊನೆಯ ತಂತಿಯೂ ಕೂತಿತು. ಬ್ಯಾಟರಿ ಜೋಡಿಸಿದಳು.

ಬೆಳಕು ಓಡಿತು! ಒಂದು, ಎರಡು, ಮೂರು, ಹತ್ತರವರೆಗೂ ಸರಸರನೆ ಹೋಗಿ ಮತ್ತೆ ಒಂದಕ್ಕೆ ಬಂತು. ಎದುರುಬದುರು ಕೂತಿದ್ದರಿಂದ ಅವಳ ಎಡ ಅಜ್ಜನಿಗೆ ಬಲವಾಗಿತ್ತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಅಜ್ಜನ ಪಾಲಿಗೆ ಬೆಳಕು ಅವನ ಬಲಗೈ ಹತ್ತಿರ ಹುಟ್ಟಿ ಎಡಕ್ಕೆ ಓಡುತ್ತಿತ್ತು.

"ಭಲೇ!" ಎಂದು ಅಜ್ಜ ಮೇಜು ಕುಟ್ಟಿದ. ಮರುಕ್ಷಣವೇ ಮುಂದಕ್ಕೆ ಬಾಗಿದ. "ಐದಕ್ಕೆ ಬಂದು ಎಲ್ಲಿಗೆ ಹೋಗುತ್ತೆ ಇದು? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದಕ್ಕೆ ಬರುತ್ತಲ್ಲ... ನಡುವೆ ಎಲ್ಲಿರುತ್ತೆ?"

ಕೆಟ್ಟ ರೇಡಿಯೊ ಬಿಚ್ಚಿದಾಗಿನ ಹಳೆಯ ಛಲ ಅವನ ಮುಖಕ್ಕೆ ಬಂದಿತ್ತು. ಐಸಿಯ ಪಕ್ಕದಲ್ಲಿದ್ದ, ಬೆಳಕಿನ ವೇಗ ಬದಲಿಸುವ ತಿರುಪನ್ನು ಹುಡುಕಿ ನಿಧಾನದ ಕಡೆಗೆ ಪೂರ್ತಿ ತಿರುಗಿಸಿದ. ಬೆಳಕು ಅಂಬೆಗಾಲಿಕ್ಕತೊಡಗಿತು. ಅದರ ಜೊತೆಗೇ ತೋರುಬೆರಳನ್ನು ಸರಿಸುತ್ತ ಹೋದ. ಮೂರು. ನಾಲ್ಕು. ಐದು. ಬೆರಳು ತಡೆದು ನಿಂತಿತು. ಕತ್ತಿನ ನರ ಬಿಗಿಯಿತು.

"ಆರು," ಎಂದ ಅಜ್ಜ.

ಅಜ್ಜಿಯ ಕಡ್ಡಿಗಳು ನಿಂತವು.

"ಏಳು... ಎಂಟು... ಒಂಬತ್ತು..." ಬೆರಳಿನ ಹಿಂದೆ ಮುಖವೂ ಹೊರಳುತ್ತಿತ್ತು. "ಹತ್ತು!" ಎಂದು ಕಿರುಚಿದವಳು ಮೊಮ್ಮಗಳು. ಹತ್ತನೆಯ ದೀಪ ಮೇಜಿನ ಮೇಲಿದ್ದ ಅಜ್ಜಿಯ ಉಣ್ಣೆಯ ಉಂಡೆಗೆ ತಾಗಿಕೊಂಡೇ ಇತ್ತು. ಅಜ್ಜನ ನೋಟ ಉಂಡೆಯಿಂದ ದಾರಕ್ಕೆ, ದಾರದಿಂದ ಕೈಗೆ, ಕೈಯಿಂದ ಮುಖಕ್ಕೆ ಏರಿತು.

"ಅರೆ! ನೀನು ಯಾವಾಗ ಬಂದ್ಯೇ?"

ಎರಡು ತಿಂಗಳಿಂದ ಅಲ್ಲೇ ಕೂತಿದ್ದ ಅಜ್ಜಿ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಈಗ ತಾನೆ ಬಂದೆ ಕಣ್ರೀ."