ನಿಧಾನಿಸಿದ ಕೋಲು

ಮಗಳು ಬೀಸಿದ ಕೋಲು ಅಪ್ಪನ ಹೆಗಲಿಗೆ ಬಡಿದೇಬಿಟ್ಟಿತು. ಅದನ್ನು ತಡೆಯಬೇಕಿದ್ದ ಸಾಯ್, ಓಕಿನಾವಾದವರ ಆ ಮೂರು ಮೊನೆಯ ಕಬ್ಬಿಣದ ಆಯುಧ, ಇನ್ನೂ ಅಪ್ಪನ ಸೊಂಟದ ಮಟ್ಟದಲ್ಲೇ ಇತ್ತು. ಊರಿಗೆಲ್ಲ ಈ ವಿದ್ಯೆ ಕಲಿಸಿದ ಗುರು ಹೆಗಲು ಹಿಡಿದುಕೊಂಡು ಚಾಪೆಯ ಮೇಲೆ ಕುಳಿತರು.

“ಏನಮ್ಮ, ಹಳೇ ಸಿಟ್ಟೆಲ್ಲ ಇವತ್ತೇ ತೀರಿಸ್ಕೊಂಡ್ಯಾ?” ಎಂದು ನಕ್ಕರು.

“ಎಲ್ಲರಿಗೂ ಬೀಸೋ ಹಾಗೇ ಬೀಸಿದೆ ಅಪ್ಪ. ನಾಳೆ ಪ್ರದರ್ಶನದಲ್ಲಿ ಹೊರಗಿನವರು ಬೀಸ್ತಾರೆ. ಅವರು ನಾನು ಇಷ್ಟು ದಿನ ಮಾಡಿದ ಹಾಗೆ ನಿಧಾನ ಮಾಡಲ್ಲ.”

ಅಪ್ಪನ ನಗು ನಿಂತಿತು. “ಎಷ್ಟು ದಿನದಿಂದ ನಿಧಾನ ಮಾಡ್ತಿದ್ದೆ?”

“ಎರಡು ವರ್ಷ ಆಯ್ತು.”

ಶಿಷ್ಯರೆದುರು ಅಪ್ಪನ ಮುಖ ಸಣ್ಣದಾಗಬಾರದೆಂದು ಹಾಗೆ ಮಾಡಿದ್ದಳು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತಳು. ಅಪ್ಪ ಬೈಯಲಿಲ್ಲ. ದರ್ಜಿ ಬಿಟ್ಟುಹೋದ ಜೋಡಿ ಸಾಯ್ ಇನ್ನೂ ಗೋಡೆಯ ಗೂಟದಲ್ಲೇ ಇದ್ದವು. ಅವುಗಳನ್ನೇ ನೋಡಿದರು. ಆ ದರ್ಜಿ ಇಪ್ಪತ್ತು ವರ್ಷ ಅಪ್ಪನ ಜೊತೆಯಲ್ಲಿ ಅಭ್ಯಾಸ ಮಾಡಿದ ಗೆಳೆಯ. ನಿನ್ನ ಕೈಗೆ ತುಕ್ಕು ಹಿಡಿದಿದೆ, ಇನ್ನು ಬರಬೇಡ ಎಂದು ಹೋದ ತಿಂಗಳು ಎಲ್ಲರೆದುರು ಅವನನ್ನು ಕಳಿಸಿದ್ದರು.

“ಅವನ ಕೈ ನನ್ನ ಕೈಗಿಂತ ಚುರುಕಾಗಿತ್ತಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಅವನನ್ನ ಕಳಿಸಿದ ದಿನ ನೀನೂ ಇಲ್ಲೇ ನಿಂತಿದ್ಯಲ್ಲಮ್ಮ,” ಎಂದರು ಅಪ್ಪ.