ಅಜ್ಜನಿಗೆ ಹೇಳಿದ ಹೆಸರು

ಅಫನಾಸಿ ಕೋವಿಯ ಮೂರು ತೋಟೆಗಳನ್ನು ಅಂಗಡಿಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ನೋಡುತ್ತ ನಿಂತ. ಒಂದು ತೆಳ್ಳಗೆ, ಚೂಪಾಗಿತ್ತು. ಉಳಿದೆರಡು ದಪ್ಪ, ಒಂದರ ಮೂತಿಗೆ ತಾಮ್ರದ ಹೊದಿಕೆ, ಇನ್ನೊಂದರ ಮೂತಿ ಬರೀ ಸೀಸ. ಪಕ್ಕದಲ್ಲಿ ಹೆಂಡತಿ ಲುಕೇರ್ಯ ಚಹಾಪುಡಿಯ ಪೊಟ್ಟಣ ಹಿಡಿದು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದಳು. ಸಂಬಂಧವಿತ್ತು. ಗಂಡ ಸರಿಯಾದದ್ದನ್ನು ಆರಿಸುತ್ತಾನೋ ಇಲ್ಲವೋ ನೋಡಲೆಂದೇ ಬಂದಿದ್ದಳು.

"ಕರಡಿಗೆ ತಾನೆ, ಮಾವ?" ಎಂದ ಅಂಗಡಿಯ ರೋದಿಯೊನ್.

ಗಂಡ ಹೆಂಡತಿ ಇಬ್ಬರೂ ಕಲ್ಲಾದರು. ಕಮ್ಚಾತ್ಕದ ಈ ಎವೆನ್ ಬುಡಕಟ್ಟಿನ ಹಳ್ಳಿಯಲ್ಲಿ ಇಪ್ಪತ್ತು ವರ್ಷ ಅಂಗಡಿ ಇಟ್ಟಿದ್ದರೂ ಈ ರಷ್ಯದವನ ಬಾಯಿಗೆ ಬೀಗ ಬಿದ್ದಿರಲಿಲ್ಲ. ಬೇಟೆಗೆ ಹೊರಟವರು ಆ ಹೆಸರು ಎತ್ತುವುದಿಲ್ಲ. ಅಜ್ಜ ಎನ್ನುತ್ತಾರೆ, ಅದೂ ಮೆಲ್ಲಗೆ. ಅಜ್ಜನಿಗೆ ಎಲ್ಲ ಕೇಳಿಸುತ್ತದೆ. ಅಫನಾಸಿ ಗೋಡೆಯ ಕಡೆ ತಿರುಗಿ, ನಾವು ಸೌದೆಗೆ ಹೋಗುವವರು ಎಂದು ಗಟ್ಟಿಯಾಗಿ ಹೇಳಿದ. ಹೌದು, ಸೌದೆ ಮುಗಿದಿದೆ ಎಂದು ಲುಕೇರ್ಯ ಕಿಟಕಿಗೆ ಹೇಳಿದಳು.

ಹನ್ನೆರಡು ದಿನದ ಹಿಂದೆ ಹೆಲಿಕಾಪ್ಟರಿನಲ್ಲಿ ಬಂದಿಳಿದ ಯಾವನೋ ದೊಡ್ಡ ಮನುಷ್ಯ ಕಣಿವೆಯ ಈ ಬದಿಯಿಂದ ಆ ಬದಿಗೆ ಗುಂಡು ಹಾರಿಸಿದ್ದ. ಅಜ್ಜ ಬಿದ್ದ, ಎದ್ದ, ಕುಂಟುತ್ತ ಗಿಡ್ಡ ಪೈನ್ ಪೊದೆಯೊಳಗೆ ನುಗ್ಗಿದ. ದೊಡ್ಡ ಮನುಷ್ಯ ಹಿಂದೆ ಹೋಗಲಿಲ್ಲ. ಅವನಿಗೆ ಊಟದ ಹೊತ್ತಾಗಿತ್ತಂತೆ. ಹಾರಿ ಹೋದ. ಅಂದಿನಿಂದ ಅಜ್ಜ ಹೊಳೆಯ ದಾರಿ ಬಿಟ್ಟು ಕದಲಿಲ್ಲ. ಒಂದು ನಾಯಿ ಅವನಿಗೆ ಬಲಿಯಾಯಿತು. ಹೆಂಗಸರು ಮೀನು ಒಣಗಿಸುವ ಅಟ್ಟದ ಕಡೆ ಕಾಲಿಟ್ಟಿಲ್ಲ. ಸಾಲ್ಮನ್ ಮೀನು ಹಿಂಡು ಹಿಂಡಾಗಿ ಹೊಳೆ ಏರಿ ಹೋಗುತ್ತಿದೆ, ಚಳಿಗಾಲಕ್ಕೆಂದು ಒಂದು ತುಂಡೂ ಒಣಗಿಲ್ಲ. ಆ ಪೊದೆಯಲ್ಲಿ ಐದು ಹೆಜ್ಜೆ ಆಚೆ ಏನೂ ಕಾಣದು. ಒಳಗೆ ಹೋಗಬೇಕಾದವನು ಅಫನಾಸಿ. ಮೊದಲ ತೋಟೆ ಕೆಲಸ ಮಾಡದಿದ್ದರೆ ಎರಡನೆಯದಕ್ಕೆ ಸಮಯವಿರುವುದಿಲ್ಲ.

ರೋದಿಯೊನ್ ತೆಳ್ಳನೆಯದನ್ನು ಮುಂದೆ ತಳ್ಳಿದ. ಇದರ ವೇಗ ಇಷ್ಟು, ಮುನ್ನೂರು ಮೀಟರಿನವರೆಗೂ ದಾರ ಹಿಡಿದಂತೆ ಹೋಗುತ್ತದೆ ಎಂದು ಡಬ್ಬಿಯ ಮೇಲಿನದನ್ನೆಲ್ಲ ಓದಿದ.

"ಮುನ್ನೂರು ಮೀಟರು ದೂರ ಇದ್ರೆ ನಾನ್ಯಾಕಪ್ಪ ಹೊಡೀಲಿ? ಕೈ ಬೀಸಿ ಮನೆಗೆ ಬರ್ತೀನಿ," ಎಂದ ಅಫನಾಸಿ. ಆದರೂ ಅವನ ಬೆರಳು ತೆಳ್ಳನೆಯದನ್ನೇ ಸವರುತ್ತಿತ್ತು. ಮೂವತ್ತು ವರ್ಷ ಅವನ ಜೊತೆಗಿದ್ದ ಕೋವಿಯ ತೋಟೆ ಅದು. ಮನೆಯಲ್ಲಿದ್ದ ಇನ್ನೊಂದು ಕೋವಿ, ಸತ್ತ ಭಾವನದು, ದಪ್ಪ ನಳಿಗೆಯದು. ಹಾರಿಸಿದರೆ ಹೆಗಲು ಕಳಚುವಂತೆ ಒದೆಯುತ್ತಿತ್ತು.

"ಒದ್ರೆ ಒದೀಲಿ ಬಿಡು," ಲುಕೇರ್ಯ ಇನ್ನೂ ಕಿಟಕಿಯನ್ನೇ ನೋಡುತ್ತಿದ್ದಳು. "ಹೆಗಲು ನೋವಾದ್ರೆ ಉಜ್ಜೋಕೆ ನಾನಿದೀನಿ. ಸೌದೆ ಮೈಮೇಲೆ ಬಿದ್ರೆ ಉಜ್ಜೋಕೆ ಏನೂ ಉಳಿದಿರಲ್ಲ."

ಅಫನಾಸಿ ತೆಳ್ಳನೆಯದನ್ನು ಪಕ್ಕಕ್ಕಿಟ್ಟ. ಅದು ಟೊಂಗೆ ತಾಗಿದರೆ ದಾರಿ ತಪ್ಪುವಂಥದು, ಹೆಲಿಕಾಪ್ಟರಿನವನದೂ ಅಂಥದೇ. ತಾಮ್ರದ ಮೂತಿಯದು ಬಟ್ಟೆಯಲ್ಲಿ ಸೂಜಿಯಂತೆ ಆಚೆ ಹೋಗಿಬಿಡುತ್ತದೆ, ಅಜ್ಜ ನಿಲ್ಲದೆ ಬರುತ್ತಾನೆ. ಸೀಸದ ಮೂತಿಗೆ ಉಗುರು ಒತ್ತಿದ. ಗೀರು ಬಿತ್ತು. ಇದು ಒಳಗೆ ಹೋಗಿ ಅರಳುತ್ತದೆ, ಮೂಳೆ ಮುರಿದು ಕೂರಿಸುತ್ತದೆ. ಅಂಥವು ಐದು ಕೊಡು ಎಂದ. ಲುಕೇರ್ಯ ಆಗ ಕಿಟಕಿ ಬಿಟ್ಟು ಸಕ್ಕರೆ ಕೇಳಿದಳು.

ಹೊರಡುವಾಗ ಅಫನಾಸಿಯ ಬಾಯಿ ತಪ್ಪಿತು. ಇವು ನಿನ್ನ ಅಂಗಡಿಯವೇ ತಾನೆ, ಹೆಸರು ಹೇಳಬೇಕಲ್ಲ ಎಂದುಬಿಟ್ಟ. ರೋದಿಯೊನ್ ಬಿಡಲಿಲ್ಲ, ಕೆದಕಿದ. ಇಪ್ಪತ್ತು ವರ್ಷದ ಗುಟ್ಟು ಹೊರಬಿತ್ತು. ಅಜ್ಜ ಉರುಳಿದ ಮೇಲೆ ಬೇಟೆಗಾರ ಅವನ ಕಿವಿಗೆ ಬಗ್ಗಿ, ನಾನಲ್ಲ ಅಜ್ಜ, ಇದು ಅಂಗಡಿ ರೋದಿಯೊನ್‌ನ ಗುಂಡು, ಸಿಟ್ಟಿದ್ದರೆ ಅವನ ಹತ್ತಿರ ಹೋಗು ಎನ್ನಬೇಕು. ಊರಿನವರೆಲ್ಲ ಹಾಗೇ ಹೇಳುತ್ತ ಬಂದಿದ್ದರು.

ರೋದಿಯೊನ್ ಹಿಟ್ಟಿನ ಮೂಟೆಯ ಮೇಲೆ ಕೂತ. ಪ್ರತಿ ಭಾನುವಾರ ಒಬ್ಬನೇ ಹಣ್ಣು ಕೀಳಲು ಕಾಡಿಗೆ ಹೋಗುವವನು ಅವನು.

"ಎಲ್ಲರೂನಾ? ನನ್ನ ಹೆಸರೇ ಯಾಕೆ, ಮಾವ?"

"ನೀನು ಬೇಜಾರು ಮಾಡ್ಕೊಳ್ಳೋನಲ್ಲ ಅಂತ."

ಈ ಸಲವಾದರೂ ಆ ಹೆಲಿಕಾಪ್ಟರಿನವನ ಹೆಸರು ಹೇಳು ಎಂದು ರೋದಿಯೊನ್ ಗೋಗರೆದ. ಅವನ ಹೆಸರು ಯಾರಿಗೆ ಗೊತ್ತಿತ್ತು?

ಮೂರನೆಯ ದಿನ ಮಧ್ಯಾಹ್ನ ಹೊಳೆಯ ಕಡೆ ಹೆಂಗಸರ ನಗು ಕೇಳಿಸುತ್ತಿತ್ತು. ಅಟ್ಟದ ತುಂಬ ಕೆಂಪು ಮೀನು ನೇತಾಡುತ್ತಿತ್ತು. ಅಫನಾಸಿ ಬಲಗೈ ಎತ್ತಲಾರದೆ, ಎಡಗೈಯಲ್ಲಿ ಅಜ್ಜನ ಕೊಬ್ಬಿನ ಡಬ್ಬಿ ಹಿಡಿದು ಅಂಗಡಿಗೆ ಬಂದ. ಉಳಿದ ನಾಲ್ಕು ತೋಟೆ ಮೇಜಿನ ಮೇಲಿಟ್ಟ. ಅಜ್ಜ ನಾಲ್ಕು ಹೆಜ್ಜೆ ದೂರದಲ್ಲಿ ಎದುರಾದನಂತೆ, ಒಂದೇ ಗುಂಡಿಗೆ ಕೂತಲ್ಲೇ ಮಲಗಿದನಂತೆ. ಆಮೇಲೆ ಜೇಬಿನಿಂದ ಇನ್ನೊಂದು ಗುಂಡು ತೆಗೆದು ತಕ್ಕಡಿಯಲ್ಲಿಟ್ಟ. ತೆಳ್ಳಗೆ, ಸೊಟ್ಟಗೆ, ಹೆಲಿಕಾಪ್ಟರಿನವನದು. ಅಜ್ಜನ ತೊಡೆಯಿಂದ, ಕೊಳೆತ ಮಾಂಸದ ನಡುವಿನಿಂದ ಕಿತ್ತದ್ದು.

ರೋದಿಯೊನ್ ಡಬ್ಬಿ ಮುಟ್ಟಲಿಲ್ಲ. "ನನ್ನ ಹೆಸರು ಹೇಳಿದ್ಯಾ?"

"ಇಲ್ಲ. ನನ್ನದೇ ಹೇಳ್ದೆ."

ರೋದಿಯೊನ್‌ಗೆ ಉಸಿರು ಬಂತು. ಹೋದ ಜೀವ ಬಂದವನಿಗೆ ಕುತೂಹಲವೂ ಬಂತು. ಯಾಕೆ ಎಂದು ಕೇಳಿದ.

"ಇಷ್ಟು ದಿನ ನರಳ್ತಿದ್ದವನ ನೋವು ಬಿಡಿಸಿದ್ದು ನನ್ನ ಗುಂಡು," ಎಂದ ಅಫನಾಸಿ, ಹೆಗಲು ಉಜ್ಜಿಕೊಳ್ಳುತ್ತ. "ಆ ಪುಣ್ಯಾನ ನಿನಗ್ಯಾಕೆ ಬಿಟ್ಟುಕೊಡ್ಲಿ?"