ಎರಡನೇ ನಿಂಬೆಹಣ್ಣು

ತಾತ ಓಡಿಸಿದ್ದ ಉಗಿ ಎಂಜಿನ್ನು ಕ್ರೇನಿನಲ್ಲಿ ತೂಗುತ್ತಿತ್ತು. ಹೊಳೆನರಸೀಪುರ ಸ್ಟೇಷನ್ನಿನ ಮುಂದೆ ಹೊಸದಾಗಿ ಕಟ್ಟಿದ ಕಟ್ಟೆಯ ಹಳಿಗಳ ಮೇಲೆ ಅದನ್ನು ಶಾಶ್ವತವಾಗಿ ನಿಲ್ಲಿಸಲು ಇನ್ನೊಂದು ಮೊಳ ಇಳಿಸಬೇಕಿತ್ತು, ಅಷ್ಟೇ. ರೂಪಶ್ರೀ ತಿರುಗಿ ನೋಡಿದಳು. ಪಕ್ಕದಲ್ಲಿ ಅಜ್ಜಿಯಿಲ್ಲ! ಅವಳು ಚಕ್ರದಡಿ ಕೈಚಾಚಿ ಹಳಿಯ ಮೇಲೆ ನಿಂಬೆಹಣ್ಣು ಇಡುತ್ತಿದ್ದಳು.

ರೂಪಶ್ರೀಯ ಕೂಗು ಕ್ರೇನಿನ ಸದ್ದಿನಲ್ಲಿ ಮುಳುಗಿತು. ಅಜ್ಜಿಯ ಕಥೆಗಳಲ್ಲಿ ರೈಲು ನಿಲ್ಲುತ್ತಿದ್ದುದು ಕೆಂಪು ಬಟ್ಟೆಗೆ. ರೂಪಶ್ರೀ ತನ್ನ ಕೆಂಪು ದುಪಟ್ಟಾ ಎಳೆದು ಕ್ರೇನಿನವನತ್ತ ಬೀಸಿದಳು. ಚಕ್ರ ಅಜ್ಜಿಯ ಮುಂಗೈಗೆ ಗೇಣು ದೂರದಲ್ಲಿ ಗಕ್ಕನೆ ನಿಂತಿತು.

"ಸಾಯಕ್ಕೆ ಬಂದ್ಯೇನಜ್ಜಿ?" ಮೇಸ್ತ್ರಿ ದೇವರಾಜು ಅವಳನ್ನು ಈಚೆಗೆಳೆದ.

"ನಿಂಬೆಹಣ್ಣಿನ್ ಮ್ಯಾಲ್ ಅತ್ತಿಸ್ದೆ ನಮ್ಮನೆಯವ್ರು ಇದ್ನ ಒಂದಿನಾನೂ ಓಡಿಸ್ನಿಲ್ಲ ಕಣಪ್ಪ. ಇವತ್ತು ಬಿಟ್ರೆ ಇದು ಇನ್ಯಾವತ್ತು ಅಲ್ಲಾಡ್ತದೆ?"

ಬೈಯಲು ಬಾಯಿ ತೆರೆದ ಮೇಸ್ತ್ರಿಗೆ ಅವಳ ಎಡಗೈ ಮುಷ್ಟಿಯಲ್ಲಿ ಇನ್ನೊಂದು ನಿಂಬೆಹಣ್ಣು ಕಂಡಿತು. ಅವನು ಅಂಗೈ ಚಾಚಿದ.

"ಅದ್ನೂ ಕೊಡು. ಆ ಕಡೆ ಚಕ್ರಕ್ಕೆ ನಾನಿಕ್ತೀನಿ."